ಹುರುಳಿಕಟ್ಟಿನ ತೆರಿಯಾಕಿ

ನಾಲಗೆಗೆ ಎಲುಬಿಲ್ಲ ಎಂದು ದೊಡ್ಡವರು ಹೇಳುವುದು ಮಾತಿನ ವಿಚಾರದಲ್ಲಿ. ನನ್ನ ನಾಲಗೆ ಮಾತಿನಲ್ಲಿ ಅಷ್ಟೇನೂ ಹೊರಳುವುದಲ್ಲ. ನಾಲ್ಕು ಜನ ಸೇರಿದ ಕಡೆ ನಾನು ಬಾಯಿ ಬಿಡುವುದೇ ಕಡಿಮೆ. ಅದು ಹೊರಳುವುದೇನಿದ್ದರೂ ಸೌಟಿನ ಹಿಂಬದಿಗೆ, ಜಾಡಿಯ ಕಂಠಕ್ಕೆ, ಮುಚ್ಚಳದ ಒಳಮೈಗೆ. ಇದನ್ನು ಹೊಟ್ಟೆಬಾಕತನ ಎಂದು ಯಾರಾದರೂ ತಿಳಿದರೆ ನನಗೆ ಬೇಜಾರಾಗುತ್ತದೆ. ಹೊಟ್ಟೆಬಾಕನಿಗೆ ಒಂದು ಮುಕ್ತಾಯವುಂಟು. ಹೊಟ್ಟೆ ತುಂಬಿದರೆ ಎಲೆ ಮಡಚಿ ಎದ್ದು ಹೋಗುತ್ತಾನೆ. ನಾನು ಬರೀ ರುಚಿ ನೋಡುವವನು. ರುಚಿ ನೋಡುವವನ ಕೆಲಸಕ್ಕೆ ಮುಕ್ತಾಯವೇ ಇಲ್ಲ. ಮೊದಲ ಸಲ ನೋಡಿದ್ದು ಸರಿಯೋ ತಪ್ಪೋ ಎಂದು ಎರಡನೇ ಸಲ ನೋಡಬೇಕು, ಎರಡರಲ್ಲಿ ಯಾವುದು ನಿಜ ಎಂದು ತೀರ್ಮಾನಿಸಲು ಮೂರನೇ ಸಲ ನೋಡಬೇಕು. ಹೀಗೆ ತೀರ್ಪು ಬರುವಷ್ಟರಲ್ಲಿ ಸಾಮಾನು ಖಾಲಿಯಾಗಿರುತ್ತದೆ.

ಚಿಕ್ಕಂದಿನಿಂದಲೂ ನನಗೆ ಈ ಕಾಯಿಲೆ. ರೇಷ್ಮೆಹುಳ ಹಗಲೂ ರಾತ್ರಿ ಅಷ್ಟು ಸದ್ದು ಮಾಡಿಕೊಂಡು ತಿನ್ನುತ್ತದಲ್ಲ, ಅದರಲ್ಲಿ ಏನೋ ಇರಲೇಬೇಕೆಂದು ಹಿಪ್ಪುನೇರಳೆ ಸೊಪ್ಪನ್ನೂ ಅಗಿದು ನೋಡಿದ್ದೇನೆ. ಏನೂ ಇಲ್ಲ. ಹುಳಗಳ ಮೇಲಿನ ಗೌರವ ಮಾತ್ರ ಹೆಚ್ಚಾಯಿತು. ಇಸ್ಕೂಲಿನಲ್ಲಿ ಮಸಿಯ ರುಚಿ ನೋಡಿ ಹಲ್ಲೆಲ್ಲ ನೀಲಿ ಮಾಡಿಕೊಂಡು ನಿಂತಾಗ ನಮ್ಮ ಮೇಷ್ಟ್ರು, "ವಿದ್ಯೆ ಎಲ್ಲಾನೂ ಕುಡ್ದುಬುಟ್ಟವನೆ, ಇನ್ನು ಇವನಿಗೆ ನಾನೇನು ಕಲಿಸ್ಲಿ?" ಎಂದು ನಮ್ಮಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ನಾಲ್ಕನೇ ಕ್ಲಾಸಿಗೇ ಬಿಡಿಸಿ ಹುಳದ ಮನೆಗೆ ಹಾಕಿದರು. ಆದ್ದರಿಂದ ಈ ಬರಹದಲ್ಲಿ ಒತ್ತು ದೀರ್ಘ ತಪ್ಪಿದ್ದರೆ ಓದುವವರು ಆ ಮಸಿಯನ್ನು ಬೈದುಕೊಳ್ಳಬೇಕು.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ತಂಗಿಯ ವಿಚಾರ ಹೇಳಲು ಧೈರ್ಯ ಸಾಲದೆ. ನನಗೆ ಒಬ್ಬಳೇ ತಂಗಿ, ಮಾದೇವಿ. ಮದುವೆ ಮಾಡಿ ಹನೂರಿಗೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ಅವಳು ಧನಗೆರೆಗೆ, ನಮ್ಮ ಮನೆಗೇ ವಾಪಸು ಬಂದಳು. ನಾನಾಗಲಿ ನನ್ನ ಹೆಂಡತಿ ಸಣ್ಣಮ್ಮನಾಗಲಿ ಒಂದು ಮಾತು ಆಡಿದವರಲ್ಲ. ಆದರೂ ಮಾದೇವಿಗೆ ಅಣ್ಣನ ಮನೆಯ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ತಿಂದ್ರೆ ನನ್ ಕೈಯ್ದು ತಿನ್ನಬೇಕು ಕಣಣ್ಣ. ಇಲ್ಲಿ ಇದ್ರೆ ನಾನು ನೆಂಟ್ರಂಗೂ ಅಲ್ಲ, ಮನೆಯೋಳಂಗೂ ಅಲ್ಲ, ಅಟ್ಟದ ಮೇಲಿನ ಒನಕೆಯಂಗೆ" ಎನ್ನುತ್ತಿದ್ದಳು. ಕೊಳ್ಳೇಗಾಲದಾಚೆ ಯಳಂದೂರು ರಸ್ತೆಯಲ್ಲಿ ಒಂದು ರೇಷ್ಮೆ ಫಾರಂ ಇತ್ತು. ಅಲ್ಲಿ ಸೊಪ್ಪು ಬಿಡಿಸುವ ಕೂಲಿಗೆ ಸೇರಿದಳು. ವಾರಕ್ಕೊಮ್ಮೆ ಬಸ್ಸಿನಲ್ಲಿ ಊರಿಗೆ ಬರುವಳು, ಬರುವಾಗ ಸಣ್ಣಮ್ಮನಿಗೆ ಹೂವು, ನನಗೆ ಬಾಯಿಗೆ ಏನಾದರೊಂದು. ಅವಳಿಗೂ ಗೊತ್ತು, ನನ್ನ ಬಾಯಿಗೆ ಏನಾದರೂ ಹಾಕಿಯೇ ಒಳಗೆ ಕಾಲಿಡಬೇಕೆಂದು.

ನಮ್ಮ ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದ ಕಾಲ ಅದು. ಫಾರಮ್ಮಿಗೆ ಜಪಾನಿನಿಂದ ಒಬ್ಬರು ಸಾಹೇಬರು ಬಂದರು, ಹುಳ ಸಾಕುವುದನ್ನು ನಮಗೆ ಹೇಳಿಕೊಡುವುದಕ್ಕೆ. ನಮಗೇ ಹುಳ ಸಾಕುವುದು ಹೇಳಿಕೊಡುತ್ತಾರಂತೆ ಎಂದು ಊರಿನವರು ನಕ್ಕರು. ಆದರೆ ಆ ಮನುಷ್ಯ ಹುಳದ ತಟ್ಟೆಯ ಮುಂದೆ ನಿಂತು ಮೊದಲು ಬಗ್ಗಿ ನಮಸ್ಕಾರ ಮಾಡಿ ಆಮೇಲೆ ಮುಟ್ಟುವುದನ್ನು ನೋಡಿದ ಮೇಲೆ ನಗು ನಿಂತಿತು. ಮನುಷ್ಯರಿಗೂ ಅವರು ಹಾಗೆಯೇ ಬಗ್ಗುವರು. ನಾವು ತಿರುಗಿ ಬಗ್ಗಿದರೆ ಅವರು ಇನ್ನೊಂದು ಸಲ ಬಗ್ಗುವರು. ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತ ಹೆಂಗಸರಿಗೆ ಇದರಿಂದ ಬಹಳ ಕಷ್ಟವಾಯಿತು.

ಅವರಿಗೂ ನಮ್ಮಿಂದ ಕಷ್ಟವಾಗುತ್ತಿತ್ತು. ಅದು ಊಟದ ಕಷ್ಟ. ಫಾರಮ್ಮಿನ ಗೆಸ್ಟ್ ಹೌಸಿನ ಅಡಿಗೆಯವನು ಸಾರಿಗೆ ಮೆಣಸಿನಕಾಯಿ ಕಡಿಮೆ ಹಾಕುವುದು ತನ್ನ ಮನೆತನಕ್ಕೇ ಅವಮಾನ ಎಂದು ತಿಳಿದವನು. ಸಾಹೇಬರು ಕನ್ನಡದಲ್ಲಿ ಮೊದಲು ಕಲಿತ ಮಾತು "ಸಾಕು", ಎರಡನೆಯದು "ಕಾರ ಬೇಡ". ಮೊಸರನ್ನ, ಬಾಳೆಹಣ್ಣು ತಿಂದು ತಿಂದು ಅವರ ಷರಟಿನ ಒಳಗೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಾಯಿತು. ಕೊನೆಗೆ ಅಡಿಗೆಯವನೇ ರೋಸಿ ಬಿಟ್ಟುಹೋದ. ಸೂಪರಿಂಟೆಂಡೆಂಟರು ಸೊಪ್ಪಿನ ಕೂಲಿಯವರ ಮುಂದೆ ಬಂದು, "ಖಾರ ಇಲ್ಲದೆ ಅಡಿಗೆ ಮಾಡೋಕೆ ಯಾರಿಗಾದರೂ ಬರುತ್ತೇನಮ್ಮಾ?" ಎಂದು ಕೇಳಿದಾಗ ಮಾದೇವಿ ಹೊರೆ ಇಳಿಸಿ, "ಬಾಣಂತಿ ಅಡ್ಗೆ ಬತ್ತದೆ ಸಾ" ಎಂದಳಂತೆ. ಅಂದಿನಿಂದ ಜಪಾನ್ ಸಾಹೇಬರಿಗೆ ಬಾಣಂತಿ ಪಥ್ಯ. ಅವರ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಸೂಪರಿಂಟೆಂಡೆಂಟರು ಖುಷಿಯಾಗಿ, "ಸಾಹೇಬರು ಇಲ್ಲಿಂದ ಹೊರಡೋವರೆಗೂ ಅವರ ಹೊಟ್ಟೆ ತಣ್ಣಗೆ ಇಡು. ಹೊರಡೋ ದಿನ ಬೆಂಗಳೂರಿನ ದೊಡ್ಡ ಆಫೀಸರು ಬರ್ತಾರೆ. ಅವರ ಮುಂದೆ ಹೇಳಿ ನಿನ್ನನ್ನ ಇಲ್ಲೇ ಖಾಯಂ ಅಡಿಗೆಯವಳಾಗಿ ಮಾಡಿಸ್ತೀನಿ" ಎಂದು ಮಾತು ಕೊಟ್ಟರು. ಖಾಯಂ ಅಂದರೆ ಗೆಸ್ಟ್ ಹೌಸಿನ ಹಿಂದಿನ ಕೋಣೆ ಅವಳದೇ. ಒಲೆ ಅವಳದೇ. ಅಟ್ಟದ ಒನಕೆ ಕೆಳಗಿಳಿದಂತೆ.

ಸಾಹೇಬರ ಹತ್ತಿರ ಊರಿನಿಂದ ತಂದ ಒಂದು ಸೀಸೆ ಇತ್ತು. ಒಳಗೆ ಯಾವುದೋ ಕಾಳನ್ನು ಹುಳಿ ಬರಿಸಿ ಮಾಡಿದ ಕಪ್ಪು ರಸ, ಹೊರಗೆ ಕೋಳಿ ಕೆದಕಿದಂಥ ಅಕ್ಷರ. ಒಂದು ದಿನ ಅವರೇ ಅಡಿಗೆಮನೆಗೆ ಬಂದು ಕೈಸನ್ನೆಯಲ್ಲಿ ಮಾದೇವಿಗೆ ಒಂದು ಅಡಿಗೆ ಹೇಳಿಕೊಟ್ಟರು. ಆ ಕಪ್ಪು ರಸಕ್ಕೆ ಸಕ್ಕರೆ, ಜಜ್ಜಿದ ಶುಂಠಿ, ಒಂದೆರಡು ಎಸಳು ಬೆಳ್ಳುಳ್ಳಿ ಹಾಕಿ ಕುದಿಸಬೇಕು. ಕನ್ನಡಿಯ ಹಾಗೆ ಹೊಳಪು ಬಂದಾಗ ಇಳಿಸಬೇಕು. ಕೆಂಡದ ಮೇಲೆ ಸುಡುವ ಕೋಳಿಯ ತುಂಡಿಗೆ ಅದನ್ನು ಸವರುತ್ತ ಸವರುತ್ತ ತಿರುಗಿಸಬೇಕು. ಸವರುವುದಕ್ಕೆ ಕುಂಚವಿಲ್ಲದೆ ಸಾಹೇಬರು ಅತ್ತಿತ್ತ ನೋಡಿದರು. ಮಾದೇವಿ ಒಂದು ಕೋಳಿಗರಿ ತೊಳೆದು ಕೊಟ್ಟಳು. ಮೊಟ್ಟೆಯೊಡೆದ ಎಳೆ ಹುಳಗಳನ್ನು ನೋವಾಗದಂತೆ ಸರಿಸಲು ನಾವೆಲ್ಲ ಇಟ್ಟುಕೊಳ್ಳುವ ಗರಿ ಅದು. ಅವರ ಊರಿನಲ್ಲೂ ಹಾಗೆಯೇ ಸರಿಸುತ್ತಾರಂತೆ. ಸಾಹೇಬರು ಗರಿ ನೋಡಿ ನಕ್ಕು ಅದಕ್ಕೂ ಒಂದು ನಮಸ್ಕಾರ ಮಾಡಿದರು. ಆ ಅಡಿಗೆಯ ಹೆಸರು ತೆರಿಯಾಕಿ. ನಮ್ಮ ಕಡೆ ಅದು ಅಂದೇ ಜಪಾನ್ ಗೊಜ್ಜಾಯಿತು. ಅವತ್ತು ಸಾಹೇಬರು "ಸಾಕು" ಎನ್ನಲೇ ಇಲ್ಲವಂತೆ.

ಇನ್ನು ಉಳಿದ ಅರ್ಧ ಸೀಸೆಯನ್ನು ಅವರು ಮಾದೇವಿಯ ಕೈಗೇ ಕೊಟ್ಟು, ಹೊರಡುವ ದಿನದ ಊಟಕ್ಕೆ ಇದೇ ಮಾಡಬೇಕು, ಬೆಂಗಳೂರಿನವರಿಗೂ ಬಡಿಸಬೇಕು ಎಂದು ಹೇಳಿ ಹನೂರು ಕಡೆಯ ರೇಷ್ಮೆ ತೋಟಗಳನ್ನು ನೋಡಲು ಹೊರಟರು. ಗೆಸ್ಟ್ ಹೌಸಿಗೆ ರಜೆ. ಸೀಸೆಯನ್ನು ಅಲ್ಲೇ ಬಿಟ್ಟರೆ ಕಾವಲುಗಾರ ಅದನ್ನು ಪರದೇಶದ ಬ್ರಾಂದಿ ಎಂದು ತಿಳಿದು ಎತ್ತಿಬಿಟ್ಟಾನು ಎಂಬ ಹೆದರಿಕೆ ಅವಳಿಗೆ. ಅದಕ್ಕೇ ಸೆರಗಿನಲ್ಲಿ ಸುತ್ತಿ ಜೋಪಾನವಾಗಿ ಅಣ್ಣನ ಮನೆಗೆ ತಂದಳು. ಕಾವಲುಗಾರನಿಂದ ಕಾಪಾಡಲು ನನ್ನ ಮನೆಗೆ! ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಟ್ಟದ ಮೇಲೆ ಇಡುತ್ತ ಅವಳು ಎಲ್ಲ ಹೇಳಿದಳು. "ಅಣ್ಣ, ಇದ್ರೊಳ್ಗೆ ನನ್ ಕೋಣೆ ಅದೆ, ನನ್ ಒಲೆ ಅದೆ. ಕೈ ಮುಗೀತೀನಿ, ಇತ್ತಾಗೆ ತಲೆ ಆಕಬ್ಯಾಡ" ಎಂದಳು. ನಾನು ಆಣೆ ಮಾಡಿದೆ. ಆಣೆ ಮಾಡಿದ್ದು ತಲೆ ಹಾಕುವುದಿಲ್ಲ ಎಂದು. ಹಾಕಿದ್ದು ಬೆರಳು.

ಮೊದಲ ದಿನ ಮುಚ್ಚಳ ತಿರುಗಿಸಿ ಬರೀ ಮೂಸಿ ನೋಡಿದೆ. ಹುಳಿ ಬಂದ ಅಂಬಲಿ, ಸುಟ್ಟ ಬೆಲ್ಲ, ಉಪ್ಪು ಮೀನು, ಹಳೇ ಮರದ ಪೆಟ್ಟಿಗೆ, ಇವೆಲ್ಲ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತಿರುವ ಹಾಗೆ ಒಂದು ವಾಸನೆ. ಮುಚ್ಚಳದ ಒಳಗೆ ಅಂಟಿದ್ದನ್ನು ಒರೆಸಿ ಚೊಕ್ಕಟ ಮಾಡುವುದು ಯಾರಿಗಾದರೂ ಧರ್ಮ. ಬಟ್ಟೆ ಹತ್ತಿರವಿರಲಿಲ್ಲ, ನಾಲಗೆಯಿತ್ತು. ಸಾರ್, ಅಮ್ಮಾ, ಓದುವವರು ಯಾರೇ ಇರಿ, ಆ ರುಚಿಯನ್ನು ನಾನು ಹೇಗೆ ಹೇಳಲಿ? ಮರುದಿನ ಮಧ್ಯಾಹ್ನ ಬಿಸಿ ರಾಗಿಮುದ್ದೆಯ ಒಂದು ತುತ್ತು ಮುರಿದುಕೊಂಡು ಅಟ್ಟ ಹತ್ತಿದೆ. ಮುದ್ದೆಗೆ ಅದು ಹೊಂದುತ್ತದೋ ಇಲ್ಲವೋ ಎಂದು ತಿಳಿದರೆ ಮುಂದೆ ಮಾದೇವಿಗೇ ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಹೊಂದಿತು. ಅನ್ಯಾಯವಾಗಿ ಹೊಂದಿತು. ಆಮೇಲೆ ಅವರೆಕಾಳಿಗೆ, ಸುಟ್ಟ ಬದನೆಕಾಯಿಗೆ, ಏನೂ ಇಲ್ಲದಾಗ ಬರೀ ಅಂಗೈಗೆ. ಹೆಂಗಸರಿಬ್ಬರೂ ಸೊಪ್ಪಿಗೆ ತೋಟಕ್ಕೆ ಹೋದಾಗಲೆಲ್ಲ ನಾನು ಅಟ್ಟದ ಮೇಲೆ ಇಲಿ ಸದ್ದು ಎಂದುಕೊಂಡು ಏಣಿ ಹತ್ತುವೆ. ಇಲಿಯೇನೋ ಇತ್ತು, ಸುಳ್ಳಲ್ಲ.

ಸಾಹೇಬರು ವಾಪಸು ಬರುವ ಹಿಂದಿನ ದಿನ ಬೆಳಗ್ಗೆ ಮಾದೇವಿ ಸೀಸೆ ಇಳಿಸಿದಳು. ಎತ್ತುವಾಗಲೇ ಅವಳ ಕೈಗೆ ಗೊತ್ತಾಯಿತು. ಬೆಳಕಿಗೆ ಹಿಡಿದಳು. ಗಾಜಿನ ಆ ಕಡೆ ನಾನು ನಿಂತಿದ್ದು ಅವಳಿಗೆ ಚೆನ್ನಾಗಿಯೇ ಕಂಡಿರಬೇಕು.

"ಸೀಸೆ ಒಂದ್ ಯಾಕಣ್ಣ ಬುಟ್ಟೆ? ಅದ್ನೂ ಕಟಕಟ್ನೆ ಅಗ್ದು ನುಂಗ್ಬೇಕಾಗಿತ್ತು" ಎಂದಳು.

ನಾನು, "ರುಚಿ ನೋಡ್ದೆ ಅಷ್ಟೇ ಕಣವ್ವ" ಎಂದೆ.

"ಅಷ್ಟೇಯಾ? ನಿನ್ ನಾಲ್ಗೆಗೆ ಒಂದ್ ಮೂಗುದಾರ ಪೋಣಿಸ್ಬೇಕು. ಎತ್ತು ಕಟ್ಟೋ ಗೂಟಕ್ಕೆ ಕಟ್ಬೇಕು."

ಇದಕ್ಕಿಂತ ಜಾಸ್ತಿ ಅವಳು ಬೈಯಲಿಲ್ಲ. ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಳು. ಮಾದೇವಿ ಬೈಯುತ್ತಿದ್ದರೆ ಮನೆಗೆ ಕ್ಷೇಮ. ಸುಮ್ಮನಾದಳೆಂದರೆ ನನಗೆ ಎದೆಯಲ್ಲಿ ಒನಕೆ ಪೆಟ್ಟು. ಕೊಳ್ಳೇಗಾಲದ ಅಂಗಡಿಗಳಲ್ಲಿ ಹುಡುಕಿ ತರುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಕೊಳ್ಳೇಗಾಲದಲ್ಲಿ ಜರತಾರಿ ಸೀರೆ ಸಿಕ್ಕುತ್ತದೆ, ಮಾಟಕ್ಕೆ ಮದ್ದೂ ಸಿಕ್ಕುತ್ತದೆ ಎನ್ನುತ್ತಾರೆ, ಜಪಾನಿನ ಕಪ್ಪು ರಸ ಎಲ್ಲಿ ಸಿಗಬೇಕು?

ಕೊನೆಗೆ ಅವಳೇ ಎದ್ದಳು. "ಅತ್ಗೆ, ಉರುಳಿ ಕಟ್ಟು ಅದಾ?" ಎಂದು ಒಳಗೆ ಕೂಗಿದಳು. ಹುರುಳಿ ಬೇಯಿಸಿ ಬಸಿದ ಕಟ್ಟನ್ನು ಉಪ್ಪು ಹಾಕಿ ದಿನವೆಲ್ಲ ಕಾಯಿಸಿ, ಮರುದಿನ ಮತ್ತೆ ಕಾಯಿಸಿ, ಟಾರಿನಂತೆ ಕಪ್ಪು ಮಾಡಿ ಮಡಕೆಯಲ್ಲಿ ಇಡುವುದು ನಮ್ಮ ಮನೆಗಳ ಪದ್ಧತಿ. ಎಷ್ಟು ದಿನವಾದರೂ ಕೆಡದು. ಸಾರಿಗೆ ಒಂದು ಚಮಚ ಬಿದ್ದರೆ ಸಾಕು. ಸಣ್ಣಮ್ಮನ ಮಡಕೆಯಲ್ಲಿ ಅದು ತಳದಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮಾದೇವಿ ಬೆರಳ ತುದಿಗೆ ತೆಗೆದು ನನ್ನ ಅಂಗೈಗೆ ಒರೆಸಿದಳು.

"ಕುಡ್ದೋನು ನೀನು. ನಾನು ಅದ್ರ ರುಚಿ ಕಂಡಿರಾದು ಉಗುರಿನ್ ತುದೀಲಿ. ಈ ಸೀಮೇಲಿ ಅದ್ರ ರುಚಿ ಪೂರ್ತಿ ಗೊತ್ತಿರೋನು ನೀನೊಬ್ನೇ. ಈಗ ಬಾಯ್ಬುಡು, ಇದ್ಕೆ ಏನು ಕಮ್ಮಿ ಅದೆ?"

ನನ್ನ ಬಾಳಿನಲ್ಲಿ ನನ್ನ ನಾಲಗೆಯನ್ನು ಯಾರಾದರೂ ಒಂದು ಕೆಲಸಕ್ಕೆ ಕರೆದದ್ದು ಅದೇ ಮೊದಲು. ಕಳ್ಳನನ್ನೇ ಮಹಜರಿಗೆ ಕರೆದ ಹಾಗೆ. ಕಣ್ಣು ಮುಚ್ಚಿ ಬಹಳ ಗಂಭೀರವಾಗಿ ಚಪ್ಪರಿಸಿ, "ಉಪ್ಪು ಸರಿಯಾಗೇ ಅದೆ. ಹುಳಿವಾಸ್ನೆ ಬೇಕು. ಅಂಬಲಿಯಂಗೆ" ಎಂದೆ. ಅವಳು ಹುಳಿ ಬಂದಿದ್ದ ಅಂಬಲಿಯ ಮೇಲಿನ ತಿಳಿ ಬಸಿದುಕೊಂಡಳು, ಉಂಡೆಬೆಲ್ಲ, ಶುಂಠಿ, ಬೆಳ್ಳುಳ್ಳಿ ತೆಗೆದುಕೊಂಡಳು. ಒಲೆಯ ಕಡೆ ಹೊರಟಳು. ಅಷ್ಟರಲ್ಲಿ ಸಣ್ಣಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಳು.

"ಬೆಳ್ಳುಳ್ಳಿನಾ? ಮನೇಲಿ ಉಳ ಅವೆ, ಗ್ಯಾನ ಅದಾ ಇಬ್ರಿಗೂ?"

ಇದು ನಮ್ಮ ಕಡೆ ಮೀರಬಾರದ ಕಟ್ಟಳೆ. ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವ ಮುನ್ನ ತಿನ್ನದೆ ಮಂಕಾಗಿ ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಅವು ಗೂಡು ಕಟ್ಟುವವರೆಗೂ ಮನೆಯಲ್ಲಿ ಒಗ್ಗರಣೆ ಇಲ್ಲ, ಬೀಡಿ ಇಲ್ಲ, ಹೊಸಬರಿಗೆ ಪ್ರವೇಶವಿಲ್ಲ. ಬೆಳ್ಳುಳ್ಳಿ ಸುಟ್ಟ ಘಾಟು ತಗುಲಿದರೆ ಹುಳ ಸೊಪ್ಪು ಬಿಡುತ್ತವೆ ಎಂದು ಎಲ್ಲರ ನಂಬಿಕೆ. ನಾವು ಆ ದಿನಗಳಲ್ಲಿ ಆಸ್ಪತ್ರೆಯ ರೋಗಿಗಳ ಹಾಗೆ ಸಪ್ಪೆ ಉಣ್ಣುತ್ತೇವೆ. ನನ್ನ ನಾಲಗೆ ಸೀಸೆಗೆ ಬಲಿಯಾದದ್ದಕ್ಕೆ ಈ ಸಪ್ಪೆಯೂ ಒಂದು ಕಾರಣ ಎಂದು ಹೇಳಬಹುದಿತ್ತು. ಹೇಳುವ ಸಮಯ ಅದಾಗಿರಲಿಲ್ಲ.

ಕೊನೆಗೆ ಊರಾಚೆ ನಮ್ಮ ತೋಟದ ಬಾವಿಯ ಹತ್ತಿರ ಮೂರು ಕಲ್ಲು ಹೂಡಿದೆವು. ಹಿಪ್ಪುನೇರಳೆ ಕಡ್ಡಿ ಉರಿಸಿ ಮಡಕೆ ಏರಿಸಿದೆವು. ಮೊದಲನೆಯದು ಬೆಲ್ಲ ಜಾಸ್ತಿಯಾಗಿ ಗಣಪತಿಯ ನೈವೇದ್ಯದಂತಾಯಿತು. ಎರಡನೆಯದು ಶುಂಠಿ ಜಾಸ್ತಿಯಾಗಿ ಶೀತದ ಕಷಾಯವಾಯಿತು. ಪ್ರತಿ ಸಲವೂ ಅಂಗೈಗೆ ಒಂದು ತೊಟ್ಟು; ನಾನು ನೆಕ್ಕುವೆ, ತೀರ್ಪು ಹೇಳುವೆ. ಇನ್ನೊಂದು ತೊಟ್ಟು ಕೇಳಿದರೆ ಸೌದೆ ಕಡ್ಡಿ ಎತ್ತಿ ತೋರಿಸುವಳು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ನಂಜಪ್ಪ ನಿಂತು, "ಏನ್ಲಾ, ಅಣ್ಣ ತಂಗಿ ಮನೆ ಬುಟ್ಟು ಬಂದು ಇಲ್ಲಿ ಸಂಸಾರ ಹೂಡಿದ್ದೀರಾ?" ಎಂದ.

"ಔಸ್ದಿ ಕಾಯಿಸ್ತಾ ಇವ್ನಿ ಕಣಣ್ಣ" ಎಂದಳು ಮಾದೇವಿ.

"ಯಾರ್ಗೆ?"

"ಇವ್ನಿಗೇಯ. ನಾಲ್ಗೆ ಬೇನೆ."

ಮೂರನೆಯ ಸಲದ್ದು ರುಚಿಯಲ್ಲಿ ಹತ್ತಿರ ಹತ್ತಿರ ಬಂತು. ಬಣ್ಣವೂ ಬಂತು. ಬಾರದೆ ಹೋದದ್ದು ಹೊಳಪು. ತೆರಿಯಾಕಿಯ ಜೀವವೇ ಆ ಹೊಳಪಂತೆ. ಅದು ಬಾರದಿದ್ದರೆ ಕೋಳಿಯ ಮೇಲೆ ನಿಲ್ಲದೆ ಕೆಂಡಕ್ಕೆ ಸುರಿದುಹೋಗುತ್ತದೆ. ಮಾದೇವಿ ಉರಿ ಹೆಚ್ಚಿಸಿದಳು, ಊದಿದಳು, ಕಲಕಿದಳು. ನೀರು ನೀರಾಗಿ ಕುದಿಯುವುದೇ ಹೊರತು ಕನ್ನಡಿಯಾಗಲೊಲ್ಲದು. ಅವಳ ಕಣ್ಣಲ್ಲೂ ನೀರು. ಹೊಗೆಯಿಂದಲೋ ಬೇರೆಯದರಿಂದಲೋ ಕೇಳುವ ಯೋಗ್ಯತೆ ನನಗಿರಲಿಲ್ಲ. ಆ ಹೊತ್ತಿಗೆ ಸಣ್ಣಮ್ಮ ಕೈಯಲ್ಲಿ ಪೊರಕೆ ಹಿಡಿದು ಬದುವಿನ ಮೇಲೆ ಓಡಿ ಬರುವುದು ಕಂಡಿತು.

"ಗಾಳಿ ತಿರ್ಗ್ಬುಡ್ತು ಕಣ್ರಿ! ನಿಮ್ ಜಪಾನಿನ ವಾಸ್ನೆ ಸೀದಾ ಮನೆಗೇ ಬಂದದೆ. ಉಳ ಎಲ್ಲ ಸೊಪ್ಪು ಬುಟ್ಟವೆ, ತಲೆ ಎತ್ತವೆ!"

ತಂಗಿಯ ಒಲೆ ಹೋಯಿತು, ಈಗ ನನ್ನ ಬೆಳೆಯೂ ಹೋಯಿತು ಎಂದುಕೊಂಡೆ. ಎಲ್ಲವನ್ನೂ ಅಲ್ಲೇ ಬಿಟ್ಟು ಮೂವರೂ ಮನೆಗೆ ಓಡಿದೆವು. ಹುಳಗಳು ನಿಜವಾಗಿಯೂ ತಲೆ ಎತ್ತಿ ಯಾರನ್ನೋ ಕರೆಯುವಂತೆ ಆಡಿಸುತ್ತಿದ್ದವು. ಮಾದೇವಿ ಒಂದನ್ನು ಅಂಗೈಗೆ ಎತ್ತಿ ಬೆಳಕಿಗೆ ಹಿಡಿದಳು. ಮೈ ಹೊನ್ನಿನ ಬಣ್ಣಕ್ಕೆ ತಿರುಗಿ ಒಳಗಿನ ಬೆಳಕು ಕಾಣುತ್ತಿತ್ತು. "ಅತ್ಗೆ, ಕಾಯಿಲೆಯೂ ಇಲ್ಲ ಕಸಾಲೆಯೂ ಇಲ್ಲ. ಉಳ ಮಾಗವೆ! ಚಂದ್ರಿಕೆ ಇಳ್ಸಿ!" ಎಂದು ಕೂಗಿದಳು. ನಾವು ಎಣಿಸಿದ್ದಕ್ಕಿಂತ ಮೊದಲೇ ಹುಳ ಗೂಡಿಗೆ ಬಂದಿದ್ದವು. ಮಾಗಿದ ಹುಳವನ್ನು ಕಾಯಿಸುವಂತಿಲ್ಲ. ನೂಲು ಸುಮ್ಮನೆ ತಟ್ಟೆಗೆ ಚೆಲ್ಲಿಬಿಡುತ್ತದೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಇಳಿಸಿ, ಒಂದೊಂದೇ ಹುಳ ಆರಿಸಿ, ಸುತ್ತಿನ ಸಂದಿನೊಳಗೆ ಬಿಡುತ್ತ ಬಂದೆವು. ಆ ಕೆಲಸದಲ್ಲಿ ಒಂದು ಸಂತೋಷವುಂಟು. ಹೆಂಗಸರು ಹಾಡು ಶುರು ಮಾಡಿದರು, ಸಣ್ಣಮ್ಮ ಪೊರಕೆ ಮರೆತಳು, ನಾನು ಪಾಪ ಮರೆತೆ. ಹೊತ್ತು ಇಳಿದದ್ದೇ ಗೊತ್ತಾಗಲಿಲ್ಲ.

ಮಡಕೆಯ ನೆನಪಾಗಿ ನಾವಿಬ್ಬರೂ ತೋಟಕ್ಕೆ ಹೋದಾಗ ಉರಿ ಆರಿ, ಕೆಂಡ ಬೂದಿಯೊಳಗೆ ಕಣ್ಣು ಮುಚ್ಚುತ್ತಿತ್ತು. ಮಾದೇವಿ ಹೆದರುತ್ತಲೇ ಮುಚ್ಚಳ ತೆಗೆದಳು. ಮಡಕೆಯೊಳಗೆ ಅವಳ ಮುಖ ಕಾಣಿಸಿತು. ಮೂಗಿನ ಮೇಲಿನ ಮಸಿಯ ಸಮೇತ ಕಾಣಿಸಿತು. ಜೋರು ಉರಿಗೆ ಬಾರದ ಹೊಳಪು ಯಾರೂ ನೋಡದೆ ಇದ್ದಾಗ ಸಣ್ಣ ಕೆಂಡಕ್ಕೆ ತಾನಾಗಿ ಬಂದು ಕುಳಿತಿತ್ತು. ಕೋಳಿಗರಿ ಅದ್ದಿ ಎತ್ತಿದಳು. ದಾರದ ಹಾಗೆ ಇಳಿಯಿತು. ನಾನು ಅಂಗೈ ಚಾಚಿದೆ. "ಬ್ಯಾಡ. ಕಣ್ಣಿಗೇ ಗೊತ್ತಾಯ್ತದೆ" ಎಂದಳು.

ಸಾಹೇಬರ ಕೊನೆಯ ಊಟದ ದಿನ ನಾನು ಮಾದೇವಿಯ ಅಣ್ಣನೆಂದು ಹೇಳಿಕೊಂಡು ಬಾಳೆಲೆಯ ಕಟ್ಟು ಹೊತ್ತು ಫಾರಮ್ಮಿಗೆ ಹೋದೆ. ಎಲೆ ಅಲ್ಲೂ ಸಿಗುತ್ತಿತ್ತು. ನನಗೆ ಮನೆಯಲ್ಲಿ ಕೂತಿರಲು ಆಗಲಿಲ್ಲ. ನಮ್ಮ ಗೊಜ್ಜು ಅದೇ ಹಳೇ ಸೀಸೆಯಲ್ಲಿ ಸಾಹೇಬರ ಮುಂದೆ ಕುಳಿತಿತ್ತು. ಕೋಳಿ ಬಂತು, ಕೋಳಿ ತಿನ್ನದ ಆಫೀಸರಿಗೆ ಬದನೆಕಾಯಿ ಬಂತು, ಎಲ್ಲವೂ ಬಣ್ಣ ಹಚ್ಚಿದ ಬೊಂಬೆಗಳ ಹಾಗೆ ಮಿರಮಿರ ಮಿಂಚುತ್ತಿದ್ದವು. ಸಾಹೇಬರು ಒಂದು ತುಂಡು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಸೀಸೆ ತೆಗೆದು ಮೂಸಿದರು. ಚೀಟಿ ನೋಡಿದರು. ಮತ್ತೆ ಮೂಸಿದರು. ಆಮೇಲೆ ಸೂಪರಿಂಟೆಂಡೆಂಟರ ಕಿವಿಯಲ್ಲಿ ಇಂಗ್ಲೀಷಿನಲ್ಲಿ ಏನೋ ಹೇಳಿದರು. ಸೂಪರಿಂಟೆಂಡೆಂಟರ ಮುಖ ಕೆಂಪಾಯಿತು.

"ಮಾದೇವಮ್ಮ, ಬಾ ಇಲ್ಲಿ. ಇದು ಸಾಹೇಬರು ಕೊಟ್ಟಿದ್ದಲ್ಲವಂತೆ. ಅವರ ಸಾಮಾನು ಏನಾಯ್ತು? ಯಾರು ಖಾಲಿ ಮಾಡಿದ್ದು? ಇಷ್ಟು ದೊಡ್ಡವರ ಮುಂದೆ ನನ್ನ ಮಾನ ತೆಗೀತೀಯಲ್ಲ. ಖಾಯಂ ಮಾತು ಹಾಗಿರಲಿ, ನಾಳೆಯಿಂದ ನೀನು ಈ ಒಲೆ ಹತ್ತಿರ..."

ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಹೆಜ್ಜೆ ಮುಂದಿಟ್ಟು, "ನಾನು ಸಾ" ಎನ್ನಬೇಕಾಗಿತ್ತು. ಅಷ್ಟೇ. ಎರಡು ಮಾತು. ಮುಚ್ಚಳ ಕಂಡರೆ ತೆರೆಯುವ ಬಾಯಿ, ಅಂಗೈ ಕಂಡರೆ ತೆರೆಯುವ ಬಾಯಿ, ಆ ಹೊತ್ತಿನಲ್ಲಿ ಬೀಗ ಜಡಿದಂತೆ ಮುಚ್ಚಿಕೊಂಡಿತು. ಮಾದೇವಿ ನನ್ನ ಕಡೆ ಒಂದು ಸಲ ತಿರುಗಿದಳು, ಕಾದಳು. ಆ ನೋಟ ನನಗೆ ಇವತ್ತಿಗೂ ಇಳಿದಿಲ್ಲ. ನಾನು ಬಾಳೆಲೆ ಕಟ್ಟನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡೆ.

"ಬೆಕ್ಕು ಸಾ" ಎಂದಳು ಅವಳು.

"ಬೆಕ್ಕಾ? ತಿರುಪಿನ ಮುಚ್ಚಳ ಬಿಚ್ಚಿ ಕುಡಿಯೋ ಬೆಕ್ಕಾ?"

"ಊಂ ಸಾ. ಬಿಚ್ಚಿ ಕುಡ್ದು ಮತ್ತೆ ತಿರುಪಿ ಮಡಗ್ತದೆ. ನಮ್ಮಣ್ಣನ ಮನೇಲದೆ. ದಪ್ಪ ಮೀಸೆ. ಏಣಿ ಅತ್ತದೆ. ಮುದ್ದೆ ಮಾತ್ರ ಕೂತ್ಕಂಡೇ ಉಣ್ತದೆ."

ಎಲ್ಲರ ಕಣ್ಣೂ ಒಂದೊಂದಾಗಿ ಬಾಗಿಲ ಕಡೆಗೆ, ಬಾಳೆಲೆಯ ಮೇಲೆ ಕಾಣುತ್ತಿದ್ದ ನನ್ನ ಕಣ್ಣಿಗೆ, ಕೆಳಗೆ ಕಾಣುತ್ತಿದ್ದ ನನ್ನ ಕಾಲಿಗೆ ಬಂದವು. ಬೆಂಗಳೂರಿನ ಆಫೀಸರು ಮೊದಲು ನಕ್ಕರು. ಅವರು ನಕ್ಕ ಮೇಲೆ ಸೂಪರಿಂಟೆಂಡೆಂಟರು ನಗಲೇಬೇಕಾಯಿತು. ಸಾಹೇಬರಿಗೆ ಇಂಗ್ಲೀಷಿನಲ್ಲಿ ಹೇಳಿದರು. ಅವರು ತಡೆದು ತಡೆದು ನೋಡಿ, ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಎದ್ದು ಬಂದು ನನಗೆ ಬಗ್ಗಿ ನಮಸ್ಕಾರ ಮಾಡಿದರು. ಕಟ್ಟು ಹಿಡಿದುಕೊಂಡೇ ನಾನೂ ಬಗ್ಗಿದೆ. ಎಲೆಯೆಲ್ಲ ನೆಲಕ್ಕೆ ಬಿದ್ದವು. ಅಷ್ಟೂ ಆದ ಮೇಲೆ ಅವರು ಹೇಳಿದ್ದನ್ನು ಸೂಪರಿಂಟೆಂಡೆಂಟರು ಕನ್ನಡಕ್ಕೆ ತಿರುಗಿಸಿದರು. "ಇದು ತೆರಿಯಾಕಿ ಅಲ್ಲವಂತೆ. ಯಾವ ರೀತೀಲೂ ಅಲ್ಲವಂತೆ. ಏನೂಂತ ಅವರಿಗೆ ಗೊತ್ತಿಲ್ಲವಂತೆ. ಇನ್ನೊಂದು ಬಟ್ಟಲು ಬೇಕಂತೆ."

ಮಾದೇವಿಯ ಕೆಲಸ ಖಾಯಮ್ಮಾಯಿತು. ಹಿಂದಿನ ಕೋಣೆಗೆ ಹೋದ ದಿನ ಅವಳೇ ಒಲೆ ಮೆತ್ತಿ ನಮ್ಮನ್ನು ಊಟಕ್ಕೆ ಕರೆದಳು. ಗೆದ್ದವಳ ಹಾಗೆ ಸೆರಗು ಸಿಕ್ಕಿಸಿ ಬಡಿಸಿದಳು, ಸಣ್ಣಮ್ಮನಿಗೆ ಬಲವಂತ ಮಾಡಿ ಇನ್ನೊಂದು ಮುದ್ದೆ ಇಟ್ಟಳು. ನಾನು ತಲೆ ತಗ್ಗಿಸಿ, "ಅವತ್ತು ನಾನೇ ಒಪ್ಕೋಬೇಕಾಗಿತ್ತು ಕಣವ್ವ" ಎಂದೆ. "ಉಣ್ಣು. ಬೆಕ್ಕಿಗೆ ಮಾತು ಬಂದ್ರೆ ಊರಿಗೆ ಒಳ್ಳೇದಲ್ಲ" ಎಂದಳು. ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಅಂದಿನಿಂದ ಫಾರಮ್ಮಿಗೆ ಯಾವ ಆಫೀಸರು ಬಂದರೂ ಹುರುಳಿಕಟ್ಟಿನ ಜಪಾನ್ ಗೊಜ್ಜು ಆಗಲೇಬೇಕು. ಆಗಬೇಕಾದರೆ ರುಚಿ ಸರಿಯಿದೆ ಎಂದು ಹೇಳಲು ನಾನು ಬರಲೇಬೇಕು ಎಂದು ಮಾದೇವಿ ಸೂಪರಿಂಟೆಂಡೆಂಟರಿಗೆ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಆಗಾಗ ಧನಗೆರೆಯ ನಮ್ಮ ಬಾಗಿಲಿಗೆ ಸರ್ಕಾರಿ ಜೀಪು ಬಂದು ನಿಲ್ಲುತ್ತದೆ. ನಾನು ತೊಳೆದ ಪಂಚೆ ಉಟ್ಟು ಮುಂದಿನ ಸೀಟಿನಲ್ಲಿ ಕೂರುತ್ತೇನೆ. ರೇಷ್ಮೆಯ ವಿಚಾರದಲ್ಲಿ ಸರ್ಕಾರ ನನ್ನ ಸಲಹೆ ಕೇಳುತ್ತಿದೆ ಎಂದು ನಂಜಪ್ಪ ಇಡೀ ಊರಿಗೆ ಹೇಳಿಕೊಂಡು ಬಂದಿದ್ದಾನೆ. ನಾನು ಅಲ್ಲಗಳೆದಿಲ್ಲ. ಅಲ್ಲೂ ಬಾಯಿ ಮುಚ್ಚಿಕೊಂಡೇ ಇದ್ದೇನೆ.

ಆದರೆ ಒಂದು ನಿಜ ಹೇಳಿ ಮುಗಿಸುತ್ತೇನೆ. ಆ ಸೀಸೆಯ ರುಚಿ ನನಗೆ ಮರೆತು ಎಷ್ಟೋ ಕಾಲವಾಯಿತು. ಮಾದೇವಿ ಕೆಂಡದಿಂದ ಮಡಕೆ ಇಳಿಸಿ, ಗರಿ ಅದ್ದಿ, ನನ್ನ ಅಂಗೈಗೆ ಒಂದು ತೊಟ್ಟು ಬಿಟ್ಟು, "ಅದೇ ಅದಾ ಅಣ್ಣ?" ಎಂದು ಕೇಳುತ್ತಾಳೆ. ನಾನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಯೋಚಿಸುವವನ ಹಾಗೆ ನಿಲ್ಲುತ್ತೇನೆ. ಒಳಗೆ ಏನೂ ಇಲ್ಲ, ಬರೀ ಆಸೆ. ಮರೆತಿದ್ದೇನೆ ಎಂದರೆ ಜೀಪು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ತಂಗಿಯ ಒಲೆಯ ಹತ್ತಿರ ನನಗಿರುವ ಈ ಒಂದಿಷ್ಟು ಜಾಗವೂ ಹೋಗುತ್ತದೆ. ಅದಕ್ಕೇ, "ಒಂದ್ ತೊಟ್ಟಿಗೆ ಸರಿಯಾಗಿ ಗೊತ್ತಾಯ್ತಾ ಇಲ್ಲ ಕಣವ್ವ" ಎನ್ನುತ್ತೇನೆ. ಕಣ್ಣು ಬಿಡುವುದರೊಳಗೆ ಅವಳು ಏನೂ ಕೇಳದೆ ಬಟ್ಟಲು ತುಂಬಿಸಿ, 'ಈಗ ನೋಡು' ಎನ್ನುವಂತೆ ಬಿಸಿ ಮುದ್ದೆಯ ಪಕ್ಕಕ್ಕೆ ಇಟ್ಟಿರುತ್ತಾಳೆ.